ಕಾರಿಲ್ಲದೆ ಕಾರ್ ಇನ್ಶೂರೆನ್ಸ್: ಕ್ಯಾಲಿಫೋರ್ನಿಯಾದಲ್ಲಿ ನನ್ನ ಅನುಭವ

ಸ್ವಂತ ಕಾರಿಲ್ಲ, ಲೈಸೆನ್ಸ್ ಸಸ್ಪೆಂಡ್ ಆಗಿದೆ, ಡಿಎಂವಿ (ಇಲ್ಲಿನ ಆರ್‌ಟಿಒ) ನೋಡಿದರೆ ವಿಮೆ ಇದೆ ಅಂತ ತೋರಿಸುವ ಎಸ್‌ಆರ್-22 ಕೇಳುತ್ತಿದೆ. ಇಂಥ ಇಕ್ಕಟ್ಟಿನಲ್ಲಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸ್ಯಾನ್ ಹೋಸೆಯಲ್ಲಿ ನಾನು ರೂಮ್‌ಮೇಟ್‌ನ ಕಾರು ಓಡಿಸುವಾಗ ಆಕ್ಸಿಡೆಂಟ್ ಆಯಿತು. ಅವನು ಕಂತು ಕಟ್ಟದೆ ಪಾಲಿಸಿ ನಿಂತುಹೋಗಿದೆ ಅಂತ ಗೊತ್ತಾಗಿದ್ದೇ ಆಮೇಲೆ. ಇಲ್ಲಿನ ಕಾನೂನು ಓಡಿಸುತ್ತಿದ್ದವರನ್ನೂ ಹಿಡಿಯುತ್ತದೆ. ನಷ್ಟ 1,000 ಡಾಲರ್ ದಾಟಿದರೆ, ಅಥವಾ ಯಾರಿಗಾದರೂ ಪೆಟ್ಟಾದರೆ, 10 ದಿನದೊಳಗೆ ಡಿಎಂವಿಗೆ ಎಸ್‌ಆರ್-1 ಅನ್ನುವ ಅಪಘಾತ ವರದಿಯ ಫಾರಂ ಕೊಡಬೇಕು. ವಿಮೆ ಇರಲಿಲ್ಲ ಅಂತಾದರೆ ಲೈಸೆನ್ಸ್ 4 ವರ್ಷದವರೆಗೆ ಸಸ್ಪೆಂಡ್. ಮೊದಲ ವರ್ಷ ಪೂರ್ಣ ಲೈಸೆನ್ಸ್ ವಾಪಸ್ ಸಿಗುವುದಿಲ್ಲ. ಉಳಿದ 3 ವರ್ಷ ಎಸ್‌ಆರ್-22 ಇಟ್ಟುಕೊಂಡರೆ ಲೈಸೆನ್ಸ್ ವಾಪಸ್ ಸಿಗುತ್ತದೆ. ಆ ಒಂದು ವರ್ಷ ಕ್ಯಾಲ್‌ಟ್ರೈನ್, ಬಸ್ಸಲ್ಲೇ ಕಳೆಯಿತು.

ಎಸ್‌ಆರ್-22 ಅಂದರೆ ಪಾಲಿಸಿ ಅಲ್ಲ. ಇವರಿಗೆ ನಮ್ಮಲ್ಲಿ ವಿಮೆ ಇದೆ ಅಂತ ಕಂಪನಿ ಡಿಎಂವಿಗೆ ಕಳಿಸುವ ಸರ್ಟಿಫಿಕೇಟ್ ಅಷ್ಟೇ. ಹಾಗಾದರೆ ಕಾರೇ ಇಲ್ಲದವರು ಯಾವುದಕ್ಕೆ ವಿಮೆ ಮಾಡಿಸಬೇಕು? ಊರಲ್ಲಿ ಥರ್ಡ್ ಪಾರ್ಟಿ ವಿಮೆ ಗಾಡಿಯ ಹೆಸರಿಗೇ ಇರುತ್ತದಲ್ವಾ, ಅದಕ್ಕೇ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಇಲ್ಲಿ ನಾನ್-ಓನರ್ ಪಾಲಿಸಿ ಅಂತ ಸಿಗುತ್ತದೆ. ಅದು ಓಡಿಸುವ ಮನುಷ್ಯನ ಮೇಲಿನ ವಿಮೆ.

ಆನ್‌ಲೈನ್‌ನಲ್ಲಿ ಹುಡುಕಿ ಸುಸ್ತಾಗಬೇಡಿ, ಎಷ್ಟೋ ಫಾರಂಗಳು ಕಾರಿನ ನಂಬರ್ ಕೇಳಿ ಅಲ್ಲೇ ನಿಂತುಬಿಡುತ್ತವೆ. ನಾನು ಹಲವು ಕಂಪನಿಗಳ ಪಾಲಿಸಿ ಮಾರುವ ಒಬ್ಬ ಬ್ರೋಕರಿಗೆ ಫೋನ್ ಮಾಡಿ, "ನಾನ್-ಓನರ್ ಪಾಲಿಸಿ, ಜೊತೆಗೆ ಎಸ್‌ಆರ್-22 ಫೈಲಿಂಗ್" ಅಂತ ನೇರವಾಗಿ ಕೇಳಿದೆ. ಆಕೆ ಮೊದಲು ಕೇಳಿದ್ದೇ, "ನಿಮ್ಮ ಮನೆಯಲ್ಲಿ ಬೇರೆ ಯಾರದಾದರೂ ಕಾರಿದೆಯಾ? ಅದನ್ನು ನೀವು ಎಷ್ಟು ಸಲ ಓಡಿಸುತ್ತೀರಿ?" ಅಡುಗೆಮನೆ ಗೋಡೆಯ ಮೊಳೆಗೆ ರೂಮ್‌ಮೇಟ್ ಕೀ ನೇತಾಡುತ್ತಿತ್ತು, ಬೇಕಾದಾಗ ತೆಗೆದುಕೊಂಡು ಹೋಗಬಹುದಿತ್ತು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಒಂದೇ ಮನೆಯಲ್ಲಿರುವವರ ಕಾರು, ದಿನಾ ಕೈಗೆ ಸಿಗುವ ಕಾರು ಈ ಪಾಲಿಸಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಮುಚ್ಚಿಟ್ಟರೆ ಕ್ಲೇಮ್ ಸಮಯದಲ್ಲಿ ಕೈಕೊಡುತ್ತಾರೆ. ಅವನ ಕಾರು ಮುಟ್ಟುವುದಿಲ್ಲ ಅಂತ ತೀರ್ಮಾನ ಮಾಡಿದ ಮೇಲೇ ಪಾಲಿಸಿ ತೆಗೆದುಕೊಂಡೆ.

ಇದು ಎದುರಿನವರಿಗಾದ ನಷ್ಟಕ್ಕೆ ಮಾತ್ರ. ನೀವು ಓಡಿಸುವ ಕಾರು ಜಜ್ಜಿಹೋದರೆ ಒಂದು ಕಾಸೂ ಬರುವುದಿಲ್ಲ, ಬಾಡಿಗೆ ಕಾರಾದರೂ ಅಷ್ಟೇ. ಅದಕ್ಕೇ ಬಾಡಿಗೆಗೆ ತೆಗೆದುಕೊಂಡಾಗಲೆಲ್ಲ ಕೌಂಟರಿನಲ್ಲಿ ಡ್ಯಾಮೇಜ್ ವೇವರ್ (ಕಾರಿಗೆ ಪೆಟ್ಟಾದರೆ ನಮ್ಮಿಂದ ವಸೂಲಿ ಮಾಡುವುದಿಲ್ಲ ಅನ್ನುವ ಒಪ್ಪಂದ) ಹಾಕಿಸುತ್ತಿದ್ದೆ. ಗೆಳೆಯರ ಕಾರಾದರೆ ಸಾಮಾನ್ಯವಾಗಿ ಮೊದಲು ಅವರ ವಿಮೆ, ಅದು ಸಾಲದಿದ್ದರೆ ನಮ್ಮದು.

ಕನಿಷ್ಠ ಮೊತ್ತಕ್ಕೆ ಮಾತ್ರ ಮಾಡಿಸಬೇಡಿ ಅಂತ ಒತ್ತಿ ಹೇಳುತ್ತೇನೆ. ನಾನು ಮಾಡಿಸಿದಾಗ ಎದುರಿನವರ ಆಸ್ತಿ ನಷ್ಟಕ್ಕೆ ಕಾನೂನಿನ ಕನಿಷ್ಠ ಬರೀ 5,000 ಡಾಲರ್ ಇತ್ತು. 2025ರ ಜನವರಿ 1ರಿಂದ ಅದು 15,000. ಇಲ್ಲಿನ ರಸ್ತೆಗಳಲ್ಲಿ ಎಂಥೆಂಥ ಕಾರುಗಳು ಓಡಾಡುತ್ತವೆ ನೋಡಿ, ಅದೂ ಸಾಲುವುದಿಲ್ಲ. ಕಾರಿರುವವರಿಗಿಂತ ಕಂತು ಹೇಗೂ ಕಡಿಮೆ, ಸ್ವಲ್ಪ ಜಾಸ್ತಿ ಕಟ್ಟಿ. ರೇಟಿನ ವಿಷಯದಲ್ಲಿ ಒಂದು ಸಮಾಧಾನವಿದೆ: 1988ರಲ್ಲಿ ಮತದಾರರು ಒಪ್ಪಿದ ಪ್ರಪೊಸಿಷನ್ 103 ಅನ್ನುವ ಕಾನೂನಿನ ಪ್ರಕಾರ ಇಲ್ಲಿ ಡ್ರೈವಿಂಗ್ ರೆಕಾರ್ಡ್‌ಗೇ ಮೊದಲ ಸ್ಥಾನ, ಕ್ರೆಡಿಟ್ ಸ್ಕೋರ್ ನೋಡುವ ಹಾಗಿಲ್ಲ. ಹೊಸದಾಗಿ ಬಂದವರಿಗೆ ಇದು ದೊಡ್ಡ ಅನುಕೂಲ. ಯಾವ ಕಂಪನಿಯೂ ಒಪ್ಪದಿದ್ದರೆ, ಅಂಥವರನ್ನು ಕಂಪನಿಗಳಿಗೆ ಹಂಚಿಕೊಡುವ ಅಸೈನ್ಡ್ ರಿಸ್ಕ್ ಪ್ಲಾನ್ ಬಗ್ಗೆ ಬ್ರೋಕರನ್ನು ಕೇಳಿ.

ಪಾಲಿಸಿ ಒಂದು ದಿನವೂ ತಪ್ಪಬಾರದು. ತಪ್ಪಿದರೆ ಕಂಪನಿ ಡಿಎಂವಿಗೆ ತಿಳಿಸುತ್ತದೆ, ಮತ್ತೆ ಸಸ್ಪೆಂಡ್. ತಿಂಗಳ ಕಂತಿನ ಗೋಜೇ ಬೇಡ ಅಂತ ನಾನು 6 ತಿಂಗಳಿನದು ಒಟ್ಟಿಗೆ ಕಟ್ಟುತ್ತಿದ್ದೆ. ಕೊನೆಗೆ ಸ್ವಂತ ಕಾರು ಕೊಂಡಾಗ, ಮೊದಲು ಹೊಸ ಪಾಲಿಸಿ ಮಾಡಿಸಿ, ಅದರ ಎಸ್‌ಆರ್-22 ಡಿಎಂವಿಗೆ ತಲುಪಿದೆ ಅಂತ ಫೋನ್ ಮಾಡಿ ಖಾತ್ರಿ ಮಾಡಿಕೊಂಡ ಮೇಲೇ ಹಳೆಯದನ್ನು ರದ್ದು ಮಾಡಿಸಿದೆ.