ಎಷ್ಟರಲ್ಲಿ ಎಷ್ಟು? ಬೇಸ್‌ಬಾಲ್ ಅಂಕಿಗಳಿಂದ ಸಂಖ್ಯಾಶಾಸ್ತ್ರ ಕಲಿಸುವ ಬಗೆ

ತೀರ್ಥಹಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಜೂನ್‌ನಲ್ಲಿ ಕ್ಲಾಸು ಶುರುವಾಗುವ ಹೊತ್ತಿಗೆ ಮಳೆಯೂ ಹಿಡಿದಿರುತ್ತದೆ. ಹೆಂಚಿನ ಮೇಲೆ ಮಳೆ ಹೊಡೆಯುವಾಗ ಸೂತ್ರ ಹೇಳುತ್ತಾ ನಿಂತರೆ ಹಿಂದಿನ ಬೆಂಚಿಗೆ ಕೇಳುವುದೇ ಇಲ್ಲ. ಕರೆಂಟನ್ನೂ ನಂಬುವ ಹಾಗಿಲ್ಲ. ಅದಕ್ಕೇ ನನ್ನ ಮೊದಲ ತಿಂಗಳ ಪಾಠಕ್ಕೆ ಕಂಪ್ಯೂಟರ್ ಬೇಡ. ಜೆರಾಕ್ಸ್ ಮಾಡಿಸಿದ ಹಾಳೆ, ಪೆನ್ಸಿಲ್, ಒಂದಿಷ್ಟು ಹುಣಸೆ ಬೀಜ ಇದ್ದರೆ ಸಾಕು.

ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕ್ರಿಕೆಟ್ ಅಂಕಿ ಕೊಟ್ಟರೆ ಮಕ್ಕಳು ಲೆಕ್ಕಕ್ಕೆ ಮೊದಲೇ ಉತ್ತರ ತೀರ್ಮಾನ ಮಾಡಿರುತ್ತಾರೆ. ತಮ್ಮ ಆಟಗಾರನೇ ಗೆಲ್ಲಬೇಕು. ಬೇಸ್‌ಬಾಲ್‌ನಲ್ಲಿ ಯಾರ ಹೆಸರೂ ಗೊತ್ತಿಲ್ಲ, ಅಂಕಿ ಹೇಳಿದ್ದನ್ನೇ ಕೇಳಬೇಕು. ಇನ್ನೊಂದು ಕಾರಣ ಇನ್ನೂ ದೊಡ್ಡದು. ಅಲ್ಲಿ ಒಂದು ಸರದಿ ಎಂದರೆ ಹಿಟ್ (ಚೆಂಡು ಹೊಡೆದು ಔಟಾಗದೆ ಕನಿಷ್ಠ ಮೊದಲ ಬೇಸ್ ಎಂಬ ಗುರುತಿನ ಜಾಗ ಮುಟ್ಟುವುದು) ಆಯಿತು, ಇಲ್ಲವೇ ಆಗಲಿಲ್ಲ. ಹೌದು–ಇಲ್ಲ ಅಷ್ಟೇ. ಸಂಭವನೀಯತೆ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ.

ಆದರೂ ಮೊದಲ ದಿನ ನಮ್ಮೂರ ಕಡೆಯಿಂದಲೇ ಶುರು ಮಾಡಿ. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ 91 ಟೆಸ್ಟ್‌ಗಳ 155 ಇನಿಂಗ್ಸ್‌ನಲ್ಲಿ 6080 ರನ್ ಮಾಡಿದರು. ಸರಾಸರಿ ಎಷ್ಟು? ಇಡೀ ಕ್ಲಾಸು 155ರಿಂದ ಭಾಗಿಸಿ 39.23 ಎನ್ನುತ್ತದೆ. ದಾಖಲೆಯಲ್ಲಿ ಇರುವುದು 41.93. ಯಾಕೆ ಎಂದು ಕೇಳಿ ಸುಮ್ಮನಿರಿ. ಐದು ನಿಮಿಷದೊಳಗೆ ಯಾರಾದರೂ 'ನಾಟ್ ಔಟ್ ಮೇಡಂ!' ಎಂದು ಕೂಗೇ ಕೂಗುತ್ತಾರೆ. ಹತ್ತು ಸಲ ಅವರು ಔಟಾಗಲಿಲ್ಲ, ಭಾಗಿಸಬೇಕಾದ್ದು 145ರಿಂದ. ಆಗ ಬೋರ್ಡಿನ ಮೂಲೆಯಲ್ಲಿ 'ಎಷ್ಟರಲ್ಲಿ ಎಷ್ಟು?' ಎಂದು ದೊಡ್ಡದಾಗಿ ಬರೆಯಿರಿ. ವರ್ಷವಿಡೀ ಅಳಿಸಬೇಡಿ.

ಮಾರನೇ ದಿನ ಬೇಸ್‌ಬಾಲ್. ಆಟದ ನಿಯಮ ಪೂರ್ತಿ ಹೇಳಲು ಹೋಗಬೇಡಿ, ದಾರಿ ತಪ್ಪುತ್ತದೆ. ಬ್ಯಾಟಿಂಗ್ ಸರಾಸರಿ ಎಂದರೆ ಹಿಟ್‌ಗಳನ್ನು ಸರದಿಗಳಿಂದ ಭಾಗಿಸಿದ್ದು, ಮೂರು ದಶಮಾಂಶದವರೆಗೆ. ಬೌಲರ್ ನಾಲ್ಕು ಚೆಂಡು ಅಳತೆಯಾಚೆ ಎಸೆದರೆ ಬ್ಯಾಟ್ ಹಿಡಿದವನು ಸುಮ್ನೆ ಮೊದಲ ಬೇಸ್‌ಗೆ ನಡೆಯುತ್ತಾನೆ, ಆ ಸರದಿ ಈ ಲೆಕ್ಕಕ್ಕಿಲ್ಲ. ಇಷ್ಟು ಸಾಕು. ಆಟಗಾರರ ಅಂಕಿಗಳಿಗೆ ಶಾನ್ ಲಾಮನ್ ಕಟ್ಟಿದ ದತ್ತಸಂಗ್ರಹ ಇದೆ. 1871ರಿಂದ ಈಚಿನ ಲೆಕ್ಕವೆಲ್ಲ ಅದರಲ್ಲಿ ಪುಕ್ಕಟೆ ಸಿಗುತ್ತದೆ. ಇಪ್ಪತ್ತು ಆಟಗಾರರ ಒಂದು ಪುಟ ಮಾತ್ರ ತೆಗೆದುಕೊಳ್ಳಿ.

ದಶಮಾಂಶ ಕಲಿಸುವಾಗ ಟೆಡ್ ವಿಲಿಯಮ್ಸ್ ಕಥೆ ಹೇಳಿ. 1941ರ ಸೀಸನ್‌ನ ಕೊನೆಯ ದಿನದ ಹೊತ್ತಿಗೆ ಅವನದು 448 ಸರದಿಗೆ 179 ಹಿಟ್. ಭಾಗಿಸಿದರೆ 0.39955, ದುಂಡು ಮಾಡಿದರೆ 0.400. ಆಡದೇ ಕೂತಿದ್ದರೂ ದಾಖಲೆಯಲ್ಲಿ 0.400 ಎಂಬ ಅಪರೂಪದ ಅಂಕಿ ಉಳಿಯುತ್ತಿತ್ತು. ಅವನು ಅವತ್ತಿನ ಎರಡೂ ಪಂದ್ಯ ಆಡಿದ. 8 ಸರದಿಗೆ 6 ಹಿಟ್. ಕೊನೆಗೆ 0.406. ನೀವಾಗಿದ್ದರೆ ಆಡುತ್ತಿದ್ದಿರಾ ಎಂದು ಕೇಳಿದರೆ ಕ್ಲಾಸು ಎರಡು ಪಾಲಾಗುತ್ತದೆ.

ಈಗ ಹುಣಸೆ ಬೀಜ. ಇದಕ್ಕೆ ಎರಡು ಪೀರಿಯಡ್ ಕೊಡಿ, ಅವಸರ ಬೇಡ. ಪ್ರತಿಯೊಬ್ಬರಿಗೂ ಒಂದು ಪುಟ್ಟ ಚೀಲದಲ್ಲಿ ಹತ್ತು ಬೀಜ. ಮೂರಕ್ಕೆ ಮಾತ್ರ ಉಗುರು ಬಣ್ಣ ಹಚ್ಚಿರಬೇಕು. ನೋಡದೆ ಒಂದು ತೆಗೆಯಬೇಕು, ಬಣ್ಣದ್ದಾದರೆ ಹಿಟ್ ಎಂದು ಗೀಟು ಹಾಕಬೇಕು, ಬೀಜ ವಾಪಸ್ ಹಾಕಿ ಕುಲುಕಬೇಕು. ಹೀಗೆ 45 ಸಲ. ವಾಪಸ್ ಹಾಕುವುದನ್ನು ಮರೆಯುವವರು ಇದ್ದೇ ಇರುತ್ತಾರೆ, ಬೆಂಚುಗಳ ಮಧ್ಯೆ ಓಡಾಡುತ್ತಿರಿ.

ಎಲ್ಲರ ಹಿಟ್‌ಗಳನ್ನು ಬೋರ್ಡಿನ ಮೇಲೆ ಚುಕ್ಕೆಯಾಗಿ ಏರಿಸಿ. ಹದಿಮೂರು, ಹದಿನಾಲ್ಕರ ಸುತ್ತ ಗುಡ್ಡ ಏಳುತ್ತದೆ. ಹೋದ ವರ್ಷ ಒಬ್ಬಳಿಗೆ 20 ಬಂದಿತ್ತು, ಒಬ್ಬನಿಗೆ 8. 'ಅವಳು ಸ್ಟಾರ್, ಇವನನ್ನು ಟೀಮಿನಿಂದ ತೆಗೆಯಿರಿ' ಎಂದು ಗಲಾಟೆ. ಆಗ ನಾನು ಇಬ್ಬರ ಚೀಲವನ್ನೂ ಮೇಜಿನ ಮೇಲೆ ಸುರಿದೆ. ಎರಡರಲ್ಲೂ ಹತ್ತಕ್ಕೆ ಮೂರೇ. ಕ್ಲಾಸು ತಣ್ಣಗಾಯಿತು. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಗಳಿಗೆ ಅದು.

'ಹಾಗಾದ್ರೆ ಎಷ್ಟು ಆಚೀಚೆ ಆದರೆ ಅನುಮಾನ ಪಡಬೇಕು?' ಎಂಬ ಪ್ರಶ್ನೆ ಅವರಿಂದಲೇ ಬರುತ್ತದೆ. ಮಾನಕ ವಿಚಲನೆ ಎಂಬ ಮಾತನ್ನು ಅಲ್ಲಿಯವರೆಗೆ ಎತ್ತಬೇಡಿ. ಈಗ 45 × 0.3 × 0.7 ಎಂದು ಬರೆದು ವರ್ಗಮೂಲ ತೆಗೆಸಿ. ಸುಮಾರು 3. ಸರಾಸರಿಯಿಂದ ಎಷ್ಟು ಆಚೀಚೆ ಆಗುತ್ತದೆ ಎಂಬ ಅಳತೆ ಇದು, ಇದೇ ಮಾನಕ ವಿಚಲನೆ. ಅಂದರೆ ಸರಾಸರಿ 13.5ರ ಆಚೀಚೆ, ಬರೀ ಅದೃಷ್ಟದಿಂದಲೇ ಹತ್ತರಿಂದ ಹದಿನೇಳರವರೆಗೆ ಓಡಾಡುವುದು ಮಾಮೂಲು.

ಇದರ ಬೆನ್ನಿಗೇ ನಿಜವಾದ ಅಂಕಿ ಕೊಡಿ. ಬ್ರಾಡ್ಲಿ ಎಫ್ರಾನ್, ಕಾರ್ಲ್ ಮಾರಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1970ರ ಸೀಸನ್‌ನ 18 ಆಟಗಾರರ ಮೊದಲ 45 ಸರದಿಗಳನ್ನು ತೆಗೆದುಕೊಂಡು ನೋಡಿದ್ದರು. ರಾಬರ್ಟೊ ಕ್ಲೆಮೆಂಟೆಗೆ 18 ಹಿಟ್, ಅಂದರೆ 0.400. ಮ್ಯಾಕ್ಸ್ ಆಲ್ವಿಸ್‌ಗೆ 7, ಅಂದರೆ 0.156. ಸೀಸನ್‌ನ ಉಳಿದ ಭಾಗದಲ್ಲಿ ಏನಾಗಿರಬಹುದು ಎಂದು ಎಲ್ಲರೂ ಹಾಳೆಯಲ್ಲಿ ಬರೆದು ಮಡಚಿಡಲಿ. ಆಮೇಲೆ ಹೇಳಿ: ಕ್ಲೆಮೆಂಟೆ 0.346ಕ್ಕೆ ಇಳಿದ, ಆಲ್ವಿಸ್ 0.200ಕ್ಕೆ ಏರಿದ. ಮೇಲಿದ್ದವನು ಮೇಲೆಯೇ, ಕೆಳಗಿದ್ದವನು ಕೆಳಗೆಯೇ ಉಳಿದ, ಆದರೆ ನಡುವಿನ ಅಂತರ ಕುಗ್ಗಿತು. ಹುಣಸೆ ಬೀಜದ ಪಾಠ ಕೇಳಿದವರು 'ಎಲ್ಲಾ ಅದೃಷ್ಟ' ಎಂಬ ಕಡೆಗೆ ವಾಲಿರುತ್ತಾರೆ. ಅದೂ ತಪ್ಪು ಅಂತ ತೋರಿಸಲು ಈ ಉದಾಹರಣೆ ಬೇಕೇ ಬೇಕು. ಇಲ್ಲಿ ಕೈಚಳಕವೂ ಇದೆ, ಅದೃಷ್ಟವೂ ಇದೆ.

ಕೊನೆಗೆ ಜೀಟರ್ ಮತ್ತು ಜಸ್ಟಿಸ್ ಎಂಬ ಇಬ್ಬರು ಬೇಸ್‌ಬಾಲ್ ಆಟಗಾರರು. ಮೊದಲ ವರ್ಷ ನಾನು ಇವರ ಸರಾಸರಿಗಳನ್ನೇ ನೇರವಾಗಿ ಬರೆದುಬಿಟ್ಟೆ, ಯಾರಿಗೂ ಏನೂ ಅನ್ನಿಸಲಿಲ್ಲ. ಈಗ ಬರೀ ಎಣಿಕೆ ಕೊಡುತ್ತೇನೆ. 1995ರಲ್ಲಿ ಡೆರೆಕ್ ಜೀಟರ್ 48ಕ್ಕೆ 12, ಡೇವಿಡ್ ಜಸ್ಟಿಸ್ 411ಕ್ಕೆ 104. 1996ರಲ್ಲಿ ಜೀಟರ್ 582ಕ್ಕೆ 183, ಜಸ್ಟಿಸ್ 140ಕ್ಕೆ 45. ಅರ್ಧ ಕ್ಲಾಸಿಗೆ ವರ್ಷದ ಪ್ರಕಾರ ಲೆಕ್ಕ, ಇನ್ನರ್ಧಕ್ಕೆ ಎರಡೂ ವರ್ಷ ಕೂಡಿಸಿದ ಲೆಕ್ಕ. ಮೊದಲ ಗುಂಪು 'ಎರಡೂ ವರ್ಷ ಜಸ್ಟಿಸ್ ಮುಂದೆ' ಎನ್ನುತ್ತದೆ: 0.253ಕ್ಕೆ 0.250, 0.321ಕ್ಕೆ 0.314. ಎರಡನೆಯದು 'ಜೀಟರ್ ಮುಂದೆ' ಎನ್ನುತ್ತದೆ: 0.310ಕ್ಕೆ 0.270. ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದಲು ಹೊರಡುತ್ತಾರೆ. ತಿದ್ದಲು ಬಿಡಿ. ತಪ್ಪು ಎಲ್ಲೂ ಸಿಗುವುದಿಲ್ಲ. ಸಿಂಪ್ಸನ್ ವಿರೋಧಾಭಾಸ ಎಂಬ ಹೆಸರನ್ನು ಆಮೇಲೆ ಹೇಳಿದರಾಯಿತು.

ಕಾರಣ ಬಿಡಿಸಿ ಹೇಳಿದ್ದು ನಾನಲ್ಲ, ಹೊಸನಗರ ಕಡೆಯಿಂದ ಬರುವ ಒಬ್ಬ ಹುಡುಗಿ. (ರಾಶಿ, ಗೊರಬಲು ಎಂದರೆ ಅಡಿಕೆಯ ಎರಡು ದರ್ಜೆ, ಗೊರಬಲಿಗೆ ರೇಟು ಕಮ್ಮಿ.) 'ಮೇಡಂ, ಇದು ಅಡಿಕೆ ಥರಾನೇ ಅಲ್ವಾ? ರಾಶಿಗೂ ಗೊರಬಲಿಗೂ ನಮಗೇ ಜಾಸ್ತಿ ರೇಟು ಸಿಕ್ಕಿತ್ತು. ಆದ್ರೂ ಕ್ವಿಂಟಾಲಿಗೆ ಸರಾಸರಿ ನೋಡಿದ್ರೆ ಪಕ್ಕದ ಮನೆಯವರದ್ದೇ ಮೇಲೆ. ನಮ್ಮದ್ರಲ್ಲಿ ಗೊರಬಲೇ ಜಾಸ್ತಿ ಇತ್ತು.' ಜೀಟರ್‌ಗೆ ಒಳ್ಳೆಯ ವರ್ಷದಲ್ಲಿ ಸರದಿ ಜಾಸ್ತಿ, ಜಸ್ಟಿಸ್‌ಗೆ ಸಪ್ಪೆ ವರ್ಷದಲ್ಲಿ. ಅವಳು ಹೇಳಿದ್ದೂ ಅದೇ.

ಅಂದಿನಿಂದ ಬೋರ್ಡಿನ ಮೇಲೆ ಅಡಿಕೆ ಲೆಕ್ಕವನ್ನೂ ದುಂಡು ಸಂಖ್ಯೆಯಲ್ಲಿ ಮಾಡಿಸುತ್ತೇನೆ. ಒಂದು ಮನೆಯ 2 ಕ್ವಿಂಟಾಲ್ ರಾಶಿ ಕ್ವಿಂಟಾಲಿಗೆ 50 ಸಾವಿರಕ್ಕೆ, 8 ಕ್ವಿಂಟಾಲ್ ಗೊರಬಲು 30 ಸಾವಿರಕ್ಕೆ. ಇನ್ನೊಂದು ಮನೆಯ 8 ಕ್ವಿಂಟಾಲ್ ರಾಶಿ 49ಕ್ಕೆ, 2 ಕ್ವಿಂಟಾಲ್ ಗೊರಬಲು 29ಕ್ಕೆ. ಒಬ್ಬರಿಗೆ ಸರಾಸರಿ 34 ಸಾವಿರ, ಇನ್ನೊಬ್ಬರಿಗೆ 45. ಮುಂದಿನ ಪಾಠ ತೂಕದ ಸರಾಸರಿ. ಅದಕ್ಕೆ ಮಕ್ಕಳಿಗೆ ಮನೆಯ ಹಳೇ ಮಂಡಿ ಪಟ್ಟಿ ತರಲು ಹೇಳಿ. ಹೆಸರಿನ ಮೇಲೆ ಕಾಗದ ಅಂಟಿಸಿಕೊಂಡೇ ತರಲಿ. ಯಾರ ಮನೆಗೆ ಎಷ್ಟು ಬಂತು ಎಂಬುದು ಕ್ಲಾಸಿನ ಮಾತಾಗಬಾರದು.