ದೋಣಿಮಲೆ ಅದಿರಿನ ಬಿಲ್ಲುಗಳ ಜೊತೆ ಒಂದು ತಿಂಗಳು

ಬಳ್ಳಾರಿ ಕಡೆಯ ಒಂದು ಉಕ್ಕಿನ ಕಾರ್ಖಾನೆಯ ಲೆಕ್ಕ ವಿಭಾಗದಲ್ಲಿದ್ದೆ. ಒಂದು ದಿನ ಅಮೆರಿಕದ ವಾಣಿಜ್ಯ ಇಲಾಖೆಯಿಂದ ದಪ್ಪ ಪ್ರಶ್ನಾವಳಿ ಬಂತು. ದೋಣಿಮಲೆಯಲ್ಲಿ ಗಣಿ ನಡೆಸುವ ಎನ್‌ಎಂಡಿಸಿ ಸರ್ಕಾರಿ ಕಂಪನಿ. ಅದು ಕಬ್ಬಿಣದ ಅದಿರನ್ನು ಅಗ್ಗಕ್ಕೆ ಕೊಟ್ಟರೆ ಸರ್ಕಾರವೇ ಸಬ್ಸಿಡಿ ಕೊಟ್ಟ ಹಾಗೆ, ಅದಕ್ಕೆ ಪ್ರತಿಯಾಗಿ ನಿಮ್ಮ ಉಕ್ಕಿನ ಮೇಲೆ ಸುಂಕ ಹಾಕಬೇಕಾಗುತ್ತದೆ ಅನ್ನುವುದು ಅವರ ವಾದ.

ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸುಮ್ನೆ ನಮ್ಮ ದರವನ್ನು ಹೊರದೇಶದ ದರದ ಪಕ್ಕ ಇಟ್ಟೆ. ನಮ್ಮದು ತೀರಾ ಕಡಿಮೆ ಕಂಡಿತು, ಎದೆ ಧಸಕ್ಕೆಂದಿತು. ಆಮೇಲೆ ಲ್ಯಾಬಿನ ಹುಡುಗ ಹೇಳಿದ: "ಸಾರ್, ಅವರದು ಒಣ ಟನ್ನಿನ ರೇಟು. ನಮ್ಮ ಬಿಲ್ಲು ತೇವ ಸೇರಿದ ತೂಕಕ್ಕೆ." ಹೌದಲ್ವಾ! ಅದಿರಿನಲ್ಲಿ ನೂರಕ್ಕೆ 8 ಭಾಗ ನೀರಿದ್ದರೆ, ಬಿಲ್ಲಿನಲ್ಲಿರುವ 3,000 ರೂಪಾಯಿ ಒಣ ಟನ್ನಿನ ಲೆಕ್ಕದಲ್ಲಿ 3,261 ಆಗುತ್ತದೆ. ಪ್ರತಿ ವೇ ಬ್ರಿಡ್ಜ್ ಚೀಟಿಯನ್ನೂ ಲ್ಯಾಬ್ ವರದಿಯ ಜೊತೆ ಪಿನ್ ಮಾಡುತ್ತಾ ಕೂತೆ. ಕಬ್ಬಿಣದ ಅಂಶ, ಸಾಗಣೆ ಖರ್ಚು ಎಲ್ಲಾ ಬೇರೆ ಬೇರೆ ಮಾಡಿದೆ.

ದರಕ್ಕೆ ಇನ್ನೊಂದು ಸಾಕ್ಷಿ ಕೈಯಲ್ಲೇ ಇತ್ತು. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಂತ ಮೇಲೆ, ಸುಪ್ರೀಂ ಕೋರ್ಟ್ ಹೇಳಿದಂತೆ ಅದಿರು ಇ-ಹರಾಜಿನಲ್ಲಿ ಮಾರಾಟವಾಗುತ್ತಿತ್ತು. ಕಾರ್ಖಾನೆಗಳು ಪೈಪೋಟಿಯಲ್ಲಿ ಕೂಗಿದ ದರ ಅದು. ಆ ಹಾಳೆಗಳನ್ನೆಲ್ಲಾ ಲಗತ್ತಿಸಿದೆ.

ಎನ್‌ಎಂಡಿಸಿ ಸರ್ಕಾರದ ಅಂಗವೇ ಅನ್ನುವ ಪ್ರಶ್ನೆಗೆ ದೆಹಲಿಯಿಂದ ಸರ್ಕಾರ ಬೇರೆಯಾಗಿ ಉತ್ತರ ಕೊಡುತ್ತದೆ. ನಮ್ಮ ಉತ್ತರ ಅದಕ್ಕೆ ಹೊಂದಬೇಕು. ಇಲ್ಲಿ ನಮಗೆ ಬಲ ಕೊಟ್ಟದ್ದು ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2014ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪು. ಅಮೆರಿಕದ ಸುಂಕದ ವಿರುದ್ಧ ಭಾರತವೇ ಹೂಡಿದ್ದ ಕೇಸು ಅದು. ಎನ್‌ಎಂಡಿಸಿಯಲ್ಲಿ ಆಗ ಸರ್ಕಾರದ ಪಾಲು ಶೇ 98 ಇತ್ತು, ನಿರ್ದೇಶಕರನ್ನು ಸರ್ಕಾರ ನೇಮಿಸುತ್ತದೆ ಅನ್ನುವುದಷ್ಟೇ ಸಾಲದು, ಕಂಪನಿ ನಿಜವಾಗಿ ಸರ್ಕಾರದ ಅಧಿಕಾರ ಚಲಾಯಿಸುತ್ತಿದೆಯೇ ಅಂತ ನೋಡಬೇಕು ಎಂದರು. ನನಗೆ ಇದು ತುಂಬಾ ದೊಡ್ಡ ಮಾತು. ಪಾಲು ನೋಡಿಯೇ ಸರ್ಕಾರದ ಅಂಗ ಅಂತ ಮುದ್ರೆ ಒತ್ತಿದರೆ ನಮ್ಮಲ್ಲಿ ಕಲ್ಲಿದ್ದಲು, ಕರೆಂಟು, ಬ್ಯಾಂಕ್ ಸಾಲ ಎಲ್ಲದರ ಮೇಲೂ ಸಬ್ಸಿಡಿಯ ಅನುಮಾನ ಬೀಳುತ್ತದೆ.

ಆದರೂ ತೀರ್ಪಿನಿಂದ ಸುಂಕ ತಾನಾಗಿ ಇಳಿಯಲಿಲ್ಲ. ಎಳೆದಾಡಿ ಕೊನೆಗೆ 2023ರ ಜೂನ್‌ನಲ್ಲಿ ಎರಡೂ ದೇಶಗಳು ಆ ಕೇಸನ್ನು ಇನ್ನೂ ಐದರ ಜೊತೆ ಒಪ್ಪಂದದಲ್ಲಿ ಮುಗಿಸಿಕೊಂಡವು.

ನಾನಂತೂ ಅದಿರು ಖರೀದಿಯ ರಿಜಿಸ್ಟರಿನಲ್ಲಿ ತೇವಕ್ಕೆ ಬೇರೆ ಕಾಲಂ ಹಾಕಿಸಿದೆ. ಲಾರಿ ಬಂದ ದಿನವೇ ಲ್ಯಾಬಿನವರು ಅದನ್ನು ತುಂಬಿ ಸಹಿ ಹಾಕುತ್ತಾರೆ.