ಸೆಕೆಂಡ್ ಹ್ಯಾಂಡ್ ಗಾಲ್ಫ್ ಸೆಟ್: ಶಾಫ್ಟ್ ಮೊದಲು ನೋಡಿ, ಬ್ರ್ಯಾಂಡ್ ಆಮೇಲೆ

ಚಿಕ್ಕಮಗಳೂರಿನಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಮೋಟಾರ್ ವೈಂಡಿಂಗ್, ಎಸ್ಟೇಟ್‌ಗಳ ಸ್ಪ್ರಿಂಕ್ಲರ್ ಲೈನು, ಡೀಸೆಲ್ ಎಂಜಿನ್ನು, ಇವೇ ದಿನದ ಕೆಲಸ. ಗಾಲ್ಫ್ ಕಡೆ ಮನಸ್ಸು ಹೋಗಿದ್ದು 2021ರಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಸ್ಟ್ರೋಕ್‌ನಲ್ಲಿ, ಅಂದರೆ ಒಂದೇ ಹೊಡೆತದಲ್ಲಿ, ಪದಕ ತಪ್ಪಿ ನಾಲ್ಕನೆಯವರಾದರಲ್ಲ, ಆವತ್ತು ಅಂಗಡಿಯಲ್ಲಿ ಕೆಲಸ ನಿಲ್ಲಿಸಿ ಮೊಬೈಲ್ ನೋಡುತ್ತಾ ಕೂತಿದ್ದೆ. ನಿಯಮ ಒಂದೂ ಗೊತ್ತಿರಲಿಲ್ಲ. ಆದರೂ ಕಣ್ಣು ಕೀಳೋಕೆ ಆಗಲಿಲ್ಲ.

ಆಮೇಲೆ ಆಟಗಾರರ ಬ್ಯಾಗು ಹೊರುವ ಕ್ಯಾಡಿ ಕೆಲಸ ಮಾಡುವ ಒಬ್ಬ ಹುಡುಗನ ಪರಿಚಯವಾಯಿತು. ಅವನ ಹತ್ತಿರ ಹೊಡೆಯೋದು ಕಲಿತೆ. ಸ್ವಲ್ಪ ದಿನದಲ್ಲೇ ಸ್ವಂತ ಸೆಟ್ ಬೇಕು ಅನ್ನಿಸಿತು. ಹೊಸದು ವಿಚಾರಿಸಿದರೆ ಕಲಿಯುವವರ ಬಾಕ್ಸ್ ಸೆಟ್‌ಗೇ 30–40 ಸಾವಿರದ ಮಾತು. ಅಷ್ಟು ಕೊಟ್ಟು, ಆರು ತಿಂಗಳಲ್ಲಿ ಬೇಜಾರಾಗಿ ಅಟ್ಟಕ್ಕೆ ಹಾಕಿದರೆ ಮನೆಯಲ್ಲಿ ಯಾರು ಮಾತು ಕೇಳ್ತಾರೆ? ಹಳೆಯದೇ ತಗೊಳ್ಳೋಣ ಅಂತ ತೀರ್ಮಾನಿಸಿದೆ.

ಹಳೆ ಸಾಮಾನು ನೋಡೋದು ನನಗೆ ಹೊಸದಲ್ಲ. ಹಳೆ ಪಂಪ್ ತಗೊಳ್ಳುವಾಗ ಎರಕದ ಬಾಡಿ ಹೊಳೆಯುತ್ತಾ ಅಂತ ಯಾರೂ ನೋಡಲ್ಲ. ಹಾಳಾಗೋದು ಬೇರಿಂಗು, ಸೀಲು. ಗಾಲ್ಫ್ ಸ್ಟಿಕ್ಕೂ ಹಾಗೇನೇ. ತುದಿಯ ಉಕ್ಕಿನ ಹೆಡ್ ಮೂವತ್ತು ವರ್ಷವಾದರೂ ಹೆಡ್ಡೇ. ಹೋಗೋದು ಶಾಫ್ಟು, ಅಂದರೆ ಉದ್ದನೆ ಕೋಲು, ಮತ್ತು ಕೈ ಹಿಡಿಯುವ ಗ್ರಿಪ್ಪು. ಮಾರುವವರು ಮಾತ್ರ ಹೆಡ್ ಒರೆಸಿ, ಬ್ರ್ಯಾಂಡ್ ಹೆಸರು ಕಾಣೋ ಹಾಗೆ ಫೋಟೊ ಹಾಕ್ತಾರೆ. ಗ್ರಿಪ್ ಇರುವ ಫೋಟೊ ಕೇಳಿ ನೋಡಿ, ಅರ್ಧ ಜನ ಅಲ್ಲೇ ಸುಮ್ಮನಾಗ್ತಾರೆ.

ಇನ್ನೊಂದು ವಿಷಯ. ಬ್ಯಾಗಿನಲ್ಲಿ 14ಕ್ಕಿಂತ ಜಾಸ್ತಿ ಸ್ಟಿಕ್ ಇಡುವಂತಿಲ್ಲ ಅಂತ ನಿಯಮ ಇದೆ. 14 ಇರಲೇಬೇಕು ಅಂತ ಎಲ್ಲೂ ಇಲ್ಲ! ಕಲಿಯುವವರಿಗೆ ಅರ್ಧ ಸೆಟ್ ಸಾಕು: 5, 7, 9ನೇ ನಂಬರ್ ಐರನ್ (ಚಪ್ಪಟೆ ಲೋಹದ ಹೆಡ್ಡಿನ ಸ್ಟಿಕ್), ಮರಳಿನಿಂದ ಎತ್ತೋಕೆ ಒಂದು ಸ್ಯಾಂಡ್ ವೆಜ್, ದೂರ ಹೊಡೆಯೋಕೆ ಒಂದು ಫೇರ್‌ವೇ ವುಡ್, ಚೆಂಡನ್ನು ಕುಳಿಗೆ ಉರುಳಿಸೋಕೆ ಒಂದು ಪಟರ್. ಎಲ್ಲಕ್ಕಿಂತ ದೂರ ಹೊಡೆಯುವ ಡ್ರೈವರ್ ಸ್ಟಿಕ್ ಆಮೇಲೆ ನೋಡಿಕೊಳ್ಳಬಹುದು. ಪೂರ್ತಿ ಸೆಟ್ಟೇ ಬೇಕು ಅಂತ ಹಟ ಹಿಡಿದರೆ 3, 4ನೇ ನಂಬರ್ ಐರನ್‌ಗೂ ದುಡ್ಡು ಕೊಡ್ತೀರಿ. ಅವುಗಳಲ್ಲಿ ಚೆಂಡು ಎಬ್ಬಿಸೋದು ಹೊಸಬರಿಗೆ ಆಗದ ಮಾತು.

ನಮ್ಮ ಜಿಲ್ಲೆಯಲ್ಲಿ ಹಳೆ ಸೆಟ್ ಸಿಗೋದು ಅಂಗಡಿಯಲ್ಲಲ್ಲ, ತೋಟದ ಬಂಗಲೆಗಳಲ್ಲಿ. ಪ್ಲಾಂಟರ್‌ಗಳು ಹಿಂದಿನಿಂದ ಆಡಿಕೊಂಡು ಬಂದ ಆಟ ಅಲ್ವಾ? ವಯಸ್ಸಾಗಿ ಸೊಂಟ ಹಿಡಿದುಕೊಂಡ ಮೇಲೆ ಬ್ಯಾಗು ಸ್ಟೋರ್ ರೂಮಿನ ಮೂಲೆ ಸೇರುತ್ತೆ. ಪಂಪ್ ಕೆಲಸಕ್ಕೆ ಹೋದಲ್ಲೆಲ್ಲ ಒಂದು ಮಾತು ಕೇಳಿ ಇಡ್ತಿದ್ದೆ. ಮೂಡಿಗೆರೆ ಕಡೆಯ ಒಬ್ಬ ಹಿರಿಯರು, "ಎರಡು ಸೆಟ್ ಇದಾವೆ, ಬಂದು ನೋಡಪ್ಪ" ಅಂದರು.

ಒಂದು ಸೆಟ್ ಥಳಥಳ ಹೊಳೀತಿತ್ತು. ತೆಳ್ಳಗಿನ ಬ್ಲೇಡ್ ಐರನ್ನು, ಶಾಫ್ಟ್ ಮೇಲೆ 'ಎಸ್' ಅಂತ ಸ್ಟಿಕ್ಕರ್. ಇನ್ನೊಂದು ಪಿಂಗ್ ಕಂಪನಿಯ ಐ-2, ಮಾಸಿದ ಬೂದು ಬಣ್ಣದ್ದು.

"ಹೊಳೆಯೋದು ನಮ್ಮ ಹುಡುಗಂದು," ಅಂದರು. "ಅದನ್ನ ತಗೊಂಡರೆ ಒಂದು ವಾರದಲ್ಲಿ ಆಟಾನೇ ಬಿಡ್ತೀಯ. ಮಧ್ಯಕ್ಕೆ ಸರಿಯಾಗಿ ತಾಗಲಿಲ್ಲ ಅಂದ್ರೆ ಕೈ ಜುಮ್ ಅನ್ನುತ್ತೆ."

ಅವರು ಹೇಳಿದ್ದು ಸರಿಯಾಗಿತ್ತು. ಬ್ಲೇಡ್‌ನಲ್ಲಿ ತೂಕವೆಲ್ಲ ನಡುವೆ ಇರುತ್ತೆ. ಐ-2 ಥರದ್ದಕ್ಕೆ ಕ್ಯಾವಿಟಿ ಬ್ಯಾಕ್ ಅಂತಾರೆ, ಅದರಲ್ಲಿ ಹಿಂಭಾಗ ಕೊರೆದು ತೂಕವನ್ನು ಅಂಚಿಗೆ ಹಂಚಿರ್ತಾರೆ. ಹೊಡೆತ ಆಚೀಚೆ ಆದರೂ ಹೆಡ್ ಜಾಸ್ತಿ ತಿರುಗಲ್ಲ, ಚೆಂಡು ಸುಮಾರಾಗಿ ನೆಟ್ಟಗೇ ಹೋಗುತ್ತೆ. ಐ-2 ಬಂದಿದ್ದು 1982ರಲ್ಲಿ. ಇವತ್ತಿಗೂ ಕಲಿಯುವವರ ಕೈಗೆ ಅದು ಒಳ್ಳೇ ಐರನ್ನೇ. ಶಾಫ್ಟ್ ಮೇಲಿನ ಅಕ್ಷರ ಅದು ಎಷ್ಟು ಬಾಗುತ್ತೆ ಅಂತ ಹೇಳುತ್ತೆ. 'ಎಸ್' ಅಂದರೆ ಸ್ಟಿಫ್, ಕಡಿಮೆ ಬಾಗೋದು, ಜೋರಾಗಿ ಬೀಸುವವರಿಗೆ. 'ಆರ್' ಅಂದರೆ ರೆಗ್ಯುಲರ್, ನಮ್ಮಂಥ ಬಹಳಷ್ಟು ಗಂಡಸರಿಗೆ ಅದೇ ಸರಿ. 'ಎ' ಹಿರಿಯರಿಗೆ, 'ಎಲ್' ಹೆಂಗಸರಿಗೆ ಅಂತ ಲೆಕ್ಕ. ಆದರೆ ಅಕ್ಷರಕ್ಕಿಂತ ನಿಮ್ಮ ಬೀಸು ಮುಖ್ಯ.

ಬಂಗಲೆಯ ಜಗಲಿ ಮೇಲೆ ಎಲ್ಲ ಐರನ್ ಹರವಿಕೊಂಡು ಕೂತೆ. ಮೊದಲು ನಂಬರ್ ನೋಡಿದೆ. ಪಿಂಗ್ ಐರನ್‌ಗಳಲ್ಲಿ ಶಾಫ್ಟ್ ಹೆಡ್ಡಿಗೆ ಸೇರುವ ಕತ್ತಿನ ಹತ್ತಿರ ಸೀರಿಯಲ್ ನಂಬರ್ ಕೊರೆದಿರುತ್ತೆ. ಎಲ್ಲದರಲ್ಲೂ ಒಂದೇ ನಂಬರ್ ಇದ್ದರೆ ಒಟ್ಟಿಗೆ ಬಂದ ಸೆಟ್ ಅಂತ ಅರ್ಥ. ಹೆಡ್ ಹಿಂದೆ ಬಣ್ಣದ ಚುಕ್ಕೆ ಇತ್ತು, ಕಪ್ಪು. ಕಪ್ಪು ಅಂದರೆ ಸ್ಟ್ಯಾಂಡರ್ಡ್ ಕೋನ. ನೀಲಿ ಇದ್ದರೆ ಶಾಫ್ಟ್ ಸ್ವಲ್ಪ ನೆಟ್ಟಗೆ ನಿಲ್ಲುತ್ತೆ, ಕೆಂಪು ಇದ್ದರೆ ಸ್ವಲ್ಪ ಮಲಗುತ್ತೆ. ಸಾಧಾರಣ ಎತ್ತರದವರಿಗೆ ಕಪ್ಪು ಚುಕ್ಕೆಯಲ್ಲಿ ತೊಂದರೆ ಇಲ್ಲ.

ಆಮೇಲೆ ಎಲ್ಲವನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿದೆ. 5ನೇ ನಂಬರ್ ಸುಮಾರು 38 ಇಂಚು ಇರುತ್ತೆ. ಮುಂದಿನ ಒಂದೊಂದು ನಂಬರ್‌ಗೂ ಅರ್ಧರ್ಧ ಇಂಚು ಇಳಿಯಬೇಕು. ಗ್ರಿಪ್ಪಿನ ತುದಿಗಳು ಒಂದೇ ಸಮ ಇಳಿಜಾರಾಗಿ ಕಂಡರೆ ಸರಿ. ನಡುವೆ ಒಂದು ಥಟ್ಟನೆ ಗಿಡ್ಡ ಇದ್ದರೆ ಅದರ ಶಾಫ್ಟ್ ಯಾವಾಗಲೋ ಮುರಿದು ಬದಲಾಗಿದೆ, ಇಲ್ಲ ಯಾರೋ ಕತ್ತರಿಸಿದ್ದಾರೆ. ಟೇಪ್ ಹಿಡಿಯೋದೇ ಬೇಡ, ಕಣ್ಣಿಗೇ ಗೊತ್ತಾಗುತ್ತೆ.

ಮಲೆನಾಡಿನಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ್ದು ತುಕ್ಕಿಗೆ. ನಮ್ಮ ಮಳೆಗಾಲದಲ್ಲಿ ಮುಚ್ಚಿಟ್ಟ ಬ್ಯಾಗಿನೊಳಗೆ ಬೂಷ್ಟು ಹಿಡಿಯದೇ ಇರಲ್ಲ. ಸ್ಟೀಲ್ ಶಾಫ್ಟ್ ಮೇಲೆ ಚುಕ್ಕಿ ಚುಕ್ಕಿ ತುಕ್ಕು ಇದ್ದರೆ ಒರೆಸಿ ಬೆರಳು ಆಡಿಸಿ. ನುಣ್ಣಗಿದ್ದರೆ ಚಿಂತೆ ಇಲ್ಲ. ಉಗುರಿಗೆ ಗುಳಿ ಸಿಕ್ಕರೆ ಶಾಫ್ಟ್ ಆ ಜಾಗದಲ್ಲೇ ಒಂದಿನ ಮುರಿಯಬಹುದು. ಶಾಫ್ಟ್ ಒಳಗೆ ಟೊಳ್ಳು. ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಪುಡಿ ಸರಸರ ಅಂದರೆ ತುಕ್ಕು ಒಳಗೂ ಇದೆ ಅಂತಲೇ ಅನುಮಾನ ಪಡಿ. ಆ ಸೆಟ್‌ನಲ್ಲಿ 3ನೇ ನಂಬರ್ ಹಾಗೇ ಶಬ್ದ ಮಾಡಿತು. ನನಗೆ ಅದು ಬೇಕಾಗೂ ಇರಲಿಲ್ಲ, ಆದರೆ ರೇಟು ಇಳಿಸೋಕೆ ಒಂದು ಮಾತು ಸಿಕ್ಕಿತು! ಕಾರ್ಬನ್ ನಾರಿನ ಗ್ರ್ಯಾಫೈಟ್ ಶಾಫ್ಟ್ ಆದರೆ ಹತ್ತಿಯ ಉಂಡೆ ಹಿಡಿದು ಉದ್ದಕ್ಕೂ ಸವರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತೋ ಅಲ್ಲಿ ನಾರು ಎದ್ದಿದೆ, ಬಿಟ್ಟುಬಿಡಿ. ಬ್ಯಾಗಿನ ಬಾಯಿಗೆ ಉಜ್ಜಿ ಉಜ್ಜಿ ಸವೆದ ಪಟ್ಟಿಯನ್ನೂ ನೋಡಿಕೊಳ್ಳಿ.

ಗ್ರಿಪ್ ಎಲ್ಲ ಒಣಗಿ ಕಲ್ಲಾಗಿದ್ದವು. ಪಾಲಿಶ್ ಹೊಡೆದ ಹಾಗೆ ಜಾರುತ್ತಿದ್ದವು. ಜಾರುವ ಗ್ರಿಪ್ ಅಂದರೆ ಬಿಗಿಯಾಗಿ ಹಿಡೀತೀರಿ, ಬಿಗಿ ಹಿಡಿದರೆ ಬೀಸು ಕೆಡುತ್ತೆ. ಇದು ಸೆಟ್ ಬಿಟ್ಟುಬಿಡುವಂಥ ದೋಷ ಅಲ್ಲ. ಹೊಸ ಗ್ರಿಪ್ಪಿನ ಖರ್ಚನ್ನು ರೇಟಿನಲ್ಲಿ ಕಳೆದು ಮಾತಾಡಬೇಕು ಅಷ್ಟೆ. ಮಾತಾಡಿದ್ದೂ ಹಾಗೇ. ಕೊನೆಗೆ ಅವರ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಬಾಕಿಯಲ್ಲಿ ವಜಾ ಮಾಡಿಕೊಂಡೆವು. ಬ್ಯಾಗು, ಪಟರು ಸುಮ್ನೆ ಕೊಟ್ಟರು.

ಗ್ರಿಪ್ ಹಾಕೋ ಕೆಲಸ ಅಂಗಡಿಯಲ್ಲೇ ಮುಗಿಸಿದೆ. ಹಳೇದನ್ನು ಕಟರ್‌ನಲ್ಲಿ ಉದ್ದಕ್ಕೆ ಸೀಳಬೇಕು, ಬ್ಲೇಡ್ ಮೈಯಿಂದ ಆಚೆ ಹೋಗೋ ಹಾಗೆ. ಗ್ರ್ಯಾಫೈಟ್ ಆದರೆ ಬ್ಲೇಡ್ ಆಳಕ್ಕೆ ಇಳಿಸಬೇಡಿ, ಶಾಫ್ಟಿಗೇ ಗೀರು ಬೀಳುತ್ತೆ. ಅಂಟಿದ ಹಳೆ ಟೇಪ್ ಕಿತ್ತು, ಒರೆಸಿ, ಹೊಸ ಡಬಲ್ ಸೈಡ್ ಟೇಪ್ ಸುತ್ತಿ, ತುದಿಯಲ್ಲಿ ಸ್ವಲ್ಪ ಮಿಗಿಸಿ ಶಾಫ್ಟಿನ ತೂತಿಗೆ ಒತ್ತಿ. ಗ್ರಿಪ್ಪಿನ ಬುಡದಲ್ಲಿ ಸಣ್ಣ ತೂತು ಇರುತ್ತೆ. ಅದಕ್ಕೆ ಒಂದು ಟೀ (ಚೆಂಡು ಇಟ್ಟು ಹೊಡೆಯುವ ಸಣ್ಣ ಗೂಟ) ಚುಚ್ಚಿ ಮುಚ್ಚಿ, ಒಳಗೆ ಪೇಂಟ್ ಅಂಗಡಿಯ ಟರ್ಪಂಟೈನ್ ಹಾಕಿ ಕುಲುಕಿ, ಅದನ್ನೇ ಟೇಪಿನ ಮೇಲೆ ಸುರಿಯಿರಿ. ಈಗ ತಡ ಮಾಡಬಾರದು. ಒಂದೇ ದಮ್ಮಿಗೆ ಗ್ರಿಪ್ ಕೊನೆತನಕ ತಳ್ಳಿ, ಗೆರೆ ಹೆಡ್ಡಿಗೆ ಸರಿಯಾಗಿದೆಯಾ ನೋಡಿ ತಿರುಗಿಸಿ. ಒದ್ದೆ ಇರುವಾಗ ಮಾತ್ರ ಅದು ತಿರುಗೋದು. ಒಂದು ದಿನ ಹಾಗೇ ಬಿಡಿ. ಥಿನ್ನರ್ ಬೇಡ, ಗ್ರ್ಯಾಫೈಟ್ ಬಣ್ಣ ಎದ್ದೇಳಬಹುದು. ಯಾವುದನ್ನೇ ಬಳಸಿ, ಹತ್ತಿರ ಬೀಡಿ ಸಿಗರೇಟು ಬೇಡವೇ ಬೇಡ.

ಡ್ರೈವರ್ ವಿಷಯ ಬೇರೆ. ಅದರಲ್ಲಿ ನಕಲಿ ಮಾಲು ಜಾಸ್ತಿ, ಹೆಸರಾಂತ ಬ್ರ್ಯಾಂಡ್‌ದಾದರೆ ಇನ್ನೂ ಜಾಸ್ತಿ. ಹೊಸ ಕಾಲದ ಡ್ರೈವರ್‌ಗಳ ಹೆಡ್ ಸಾಮಾನ್ಯವಾಗಿ ಟೈಟೇನಿಯಂ. ಅದಕ್ಕೆ ಅಯಸ್ಕಾಂತ ಅಂಟಲ್ಲ. ಟೈಟೇನಿಯಂ ಅಂತ ಬರೆದ ಹೆಡ್ಡಿನ ಮುಖಕ್ಕೆ ಸ್ಪೀಕರ್ ಮ್ಯಾಗ್ನೆಟ್ ತಾಗಿಸಿ, ಕಚ್ಚಿ ಹಿಡಿದರೆ ಎದ್ದು ಬನ್ನಿ. ತಳದ ತೂಕದ ಸ್ಕ್ರೂಗೆ ಅಂಟಿದರೆ ಲೆಕ್ಕಕ್ಕಿಲ್ಲ, ಅದು ಉಕ್ಕೂ ಇರಬಹುದು. ಅಂಟಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಫೇರ್‌ವೇ ವುಡ್‌ಗೆ ಈ ಪರೀಕ್ಷೆ ನಡೆಯಲ್ಲ, ಅವು ಬಹುತೇಕ ಉಕ್ಕಿನವೇ. ಹೆಡ್ ಕಿವಿ ಹತ್ತಿರ ಹಿಡಿದು ಕುಲುಕಿ. ಒಳಗೆ ಏನಾದರೂ ಲೊಟಲೊಟ ಅಂದರೆ ಬಹುಶಃ ಅಂಟಿನ ತುಣುಕು ಕಿತ್ತು ಬಂದಿದೆ. ಆಟಕ್ಕೆ ಅಡ್ಡಿ ಇಲ್ಲ, ಕಿವಿಗೆ ಕಿರಿಕಿರಿ.

ಚೆಂಡಿಗಂತೂ ದುಡ್ಡು ಸುರಿಯಲೇಬೇಡಿ. ಪೊದೆಯಲ್ಲಿ, ಹೊಂಡದಲ್ಲಿ ಸಿಕ್ಕ ಚೆಂಡು ತೊಳೆದು ಕ್ಯಾಡಿಗಳು ಮಾರ್ತಾರೆ. ಹೊಸಬರ ಚೆಂಡು ಹೇಗಿದ್ದರೂ ವಾಪಸ್ ಅಲ್ಲಿಗೇ ಹೋಗುತ್ತೆ.

ಮಳೆಗಾಲದಲ್ಲಿ ನಾನು ಸ್ಟಿಕ್‌ಗಳನ್ನು ಬ್ಯಾಗಿನಲ್ಲಿ ಇಡಲ್ಲ. ಒರೆಸಿ, ಗ್ರಿಪ್ಪಿಗೆ ತಾಗದ ಹಾಗೆ ಶಾಫ್ಟಿಗೆ ಮಷಿನ್ ಎಣ್ಣೆ ಸವರಿ, ವೈಂಡಿಂಗ್ ಒಣಗಿಸುವ ಓವನ್ ಪಕ್ಕದ ಗೋಡೆಗೆ ಒರಗಿಸ್ತೀನಿ. ಊರಲ್ಲೆಲ್ಲ ಥಂಡಿ ಇದ್ದರೂ ಆ ಮೂಲೆ ಒಣಗಿರುತ್ತೆ. ಬ್ಯಾಗನ್ನು ಜಿಪ್ ತೆಗೆದು ತಲೆಕೆಳಗಾಗಿ ನೇತು ಹಾಕಿದ್ದೀನಿ.